ಬಂಧುಗಳ ಬೀರು

ಹೆಣದ ಗಾಡಿಯ ಹಿಂದಿನ ಚಕ್ರ ಎಡಕ್ಕೆ ಎಳೆಯುತ್ತಿತ್ತು. ಮಗಳು ಹಿಡಿಯನ್ನು ಬಲಕ್ಕೆ ಒತ್ತಿಕೊಂಡು ಇಳಿಜಾರು ಹತ್ತಿಸಿ, ಚಿತಾಗಾರದ ಕುಲುಮೆ ಕೋಣೆಯ ಹೊಸ್ತಿಲಿಗೆ ಮುಂದಿನ ಚಕ್ರ ತಾಗಿಸಿದ್ದಳಷ್ಟೆ, ಸತ್ತವರ ತಮ್ಮ ಅಡ್ಡ ಬಂದು ನಿಂತ.

"ಇನ್ನು ನಾವು ನೋಡ್ಕೋತೀವಿ. ಕೈ ಬಿಡಮ್ಮ."

"ಒಳಗೆ ಬಿಟ್ಟು ಬರ್ತೀನಿ."

"ಅಷ್ಟೊಂದು ಓದಿದೋಳು ಅಂತಾರೆ. ಬೋರ್ಡು ಓದೋಕೆ ಬರಲ್ವಾ?"

ಬಾಗಿಲ ಮೇಲೆ ಬೋರ್ಡಿತ್ತು. ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ. ಬರೆದವನಿಗೆ ಹಲಗೆ ಸಾಲದೆ ಕೊನೆಯ ಪದವನ್ನು ಗೋಡೆಯ ಮೇಲೆ ಮುಗಿಸಿದ್ದ.

"ನಾನು ಅವರ ಮಗಳು."

"ಯಾರ ಹೊಟ್ಟೇಲಿ?" ಎಂದಳು ಹಿಂದಿನಿಂದ ತಮ್ಮನ ಹೆಂಡತಿ. ದನಿ ಏರಿಸಲಿಲ್ಲ. ತೂಕ ಸರಿಯಿಲ್ಲ ಅಂತ ಅಂಗಡಿಯವನಿಗೆ ಹೇಳುವಷ್ಟು ಸಲೀಸಾಗಿ ಹೇಳಿದಳು.

ತಮ್ಮನ ಮಗ, ಮೀಸೆ ಆಗಷ್ಟೇ ದಪ್ಪಗಾಗುತ್ತಿದ್ದ ತರುಣ, ಮುಜುಗರದಿಂದಲೇ ಹಿಡಿಗೆ ಕೈ ಹಾಕಿದ.

"ಬಲಕ್ಕೆ ಒತ್ತಿ ಹಿಡಿ," ಎಂದಳು ಮಗಳು.

ಅವನಿಗೆ ಕೇಳಿಸಲಿಲ್ಲ. ಗಾಡಿ ಎಡಕ್ಕೆ ಹೊರಳಿ ಚೌಕಟ್ಟಿಗೆ ಬಡಿಯಿತು. ಬಿಳಿ ಬಟ್ಟೆಯ ಕೆಳಗೆ ತಲೆ ಒಮ್ಮೆ ಆಚೀಚೆ ಅಲ್ಲಾಡಿತು. ಆಮೇಲೆ ಬಾಗಿಲು ಮುಚ್ಚಿತು.

ಈ ಕತೆ ಅವಳನ್ನು ಮಗಳು ಎಂದೇ ಕರೆಯುತ್ತದೆ. ಆಸ್ಪತ್ರೆಯ ಕಿಟಕಿಯ ಹಿಂದೆ ಕೂತವನು ಹಾಗೆ ಕರೆಯಲಿಲ್ಲ. "ನೀವು ಏನಾಗ್ಬೇಕು?" ಅಂತ ಕೇಳಿದ. ಮಗಳು ಅಂದದ್ದಕ್ಕೆ ದತ್ತಕದ ಕಾಗದ ಎಲ್ಲಿ ಅಂದ. ಮದುವೆಯಿಲ್ಲದ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲವೆಂದು ಆ ಕಾಲದಲ್ಲಿ ಎಲ್ಲ ಕಚೇರಿಗಳೂ ಅಪ್ಪನನ್ನು ಅಟ್ಟಿದ್ದವು. ಕಾಗದ ಎಲ್ಲಿಂದ ಬರಬೇಕು? ಮಗು ಸಾಕುವುದಕ್ಕೆ ಯಾರೂ ಅಡ್ಡ ಬರಲಿಲ್ಲ, ಮಗು ಅನ್ನುವುದಕ್ಕೆ ಮಾತ್ರ ಅಡ್ಡ ಬಂದರು. "ರಕ್ತಸಂಬಂಧಿ ಯಾರಾದ್ರೂ ಬಂದ್ರೆ ಬಾಡಿ ಬಿಡ್ತೀವಿ" ಅಂದ ಆ ಕಿಟಕಿಯವನು. ಹೀಗಾಗಿ ಅವಳೇ, ಕೈಯಾರೆ ಫೋನ್ ಮಾಡಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಮನೆಯ ಹೊಸ್ತಿಲು ತುಳಿಯದಿದ್ದ ತಮ್ಮನನ್ನು ಕರೆಸಿದ್ದಳು.

ಅವಳಿಗೆ ಬೇಕಿದ್ದುದು ಎರಡೇ. ಅವರ ಮುಖ ಮರೆತವರ ನಡುವೆ ಅವರು ಒಂಟಿಯಾಗಿ ಬೆಂಕಿಗೆ ಹೋಗಬಾರದು. ಬೆಂಕಿ ಉಳಿಸಿದ್ದು ಮನೆಗೆ ಬರಬೇಕು. ಮೊದಲನೆಯದು ಈಗ ಬಾಗಿಲ ಆಚೆ ಮುಗಿದುಹೋಗುತ್ತಿತ್ತು.

ಹೊರಗಿನ ಕಲ್ಲುಬೆಂಚಿನಲ್ಲಿ ಅಂಟಕ್ಕ ಸರಿದು ಜಾಗ ಮಾಡಿದಳು. ಸತ್ತವರು ದುಡಿದಿದ್ದ ಸಸ್ಯವಿಜ್ಞಾನ ಸಂಸ್ಥೆಯಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುವ ಕೆಲಸ ಅವಳದು. ಅವಳಿಗೊಂದು ಹೆಸರಿತ್ತೆಂಬುದನ್ನು ಸಂಬಳ ಕೊಡುವವನೂ ಮರೆತಿದ್ದ.

"ಬಾ, ಕೂತ್ಕೋ. ಹೊರಗಿನೋರಿಗೆ ಗಾಳಿಯಾದ್ರೂ ಸಿಗುತ್ತೆ."

"ಒಳಗೆ ಯಾರೂ ಅಳ್ತಿಲ್ಲ ಅಕ್ಕ."

"ಅಳೋಕೆ ಪರಿಚಯ ಬೇಕಲ್ಲ. ಆ ಹುಡುಗ ಬೆಳಿಗ್ಗೆ ನನ್ನನ್ನ ಕೇಳಿದ, ದೊಡ್ಡಪ್ಪ ಏನು ಕೆಲಸ ಮಾಡ್ತಿದ್ರು ಅಂತ. ಸೊಪ್ಪಿಂದು ಅಂದೆ. ಅಂಗಡಿ ಎಲ್ಲಿತ್ತು ಅಂದ."

ಮಗಳಿಗೆ ನಗು ಬಂತು. ನಗು ಅರ್ಧಕ್ಕೆ ಬೇರೇನೋ ಆಗತೊಡಗಿದಾಗ ತುಟಿ ಕಚ್ಚಿಕೊಂಡಳು.

ಅಪ್ಪನನ್ನು ಎಲ್ಲರೂ ಜರಿ ಮೇಷ್ಟ್ರು ಅನ್ನುತ್ತಿದ್ದರು. ಹೂವಿಲ್ಲದ, ಬೀಜವಿಲ್ಲದ, ಗರಿಯಂಥ ಎಲೆಯ ಜರೀಗಿಡಗಳನ್ನು ತಂದು, ಒಣಗಿಸಿ, ಯಾವುದು ಯಾವ ಕುಟುಂಬಕ್ಕೆ ಸೇರಿದ್ದು ಅಂತ ತೀರ್ಮಾನಿಸುವುದರಲ್ಲಿ ಅವರ ಆಯುಸ್ಸು ಕಳೆದಿತ್ತು. ದೊಡ್ಡ ಹೆಸರೇನೂ ಅಲ್ಲ. ಬಸ್ಸಿನಲ್ಲಿ ಪಕ್ಕ ಕೂತರೆ ಯಾರೂ ಎರಡನೇ ಸಲ ತಿರುಗಿ ನೋಡುವಂಥವರಲ್ಲ.

* * *

ಅನಾಥಮಕ್ಕಳ ಮನೆಯ ಊಟದ ಕೋಣೆಗೆ ಮೇಷ್ಟ್ರು ತಿಂಗಳಿಗೊಮ್ಮೆ ಗಿಡದ ಪಾಠ ಹೇಳಲು ಹೋಗುತ್ತಿದ್ದರು. ಅವತ್ತು ಜರೀಗಿಡದ ಎಲೆಯೊಂದನ್ನು ಬೋರಲಾಗಿ ಮೇಜಿನ ಮೇಲಿಟ್ಟರು. ಎಲೆಯ ಬೆನ್ನ ತುಂಬ ಕಂದು ಚುಕ್ಕೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೊನೆಯಲ್ಲಿ ಕೂತಿದ್ದ ಹುಡುಗಿ ಕೇಳಿದಳು:

"ಅದಕ್ಕೂ ಕಜ್ಜಿ ಆಗಿದೆಯಾ?"

ಮಕ್ಕಳೆಲ್ಲ ನಕ್ಕವು. ಮೇಷ್ಟ್ರು ನಗಲಿಲ್ಲ.

"ಕಜ್ಜಿಯಲ್ಲ ಮರಿ. ಆ ಚುಕ್ಕೆಯೊಳಗೆ ಸಣ್ಣ ಪುಡಿ ಇದೆ. ಅದೇ ಇದರ ಮಕ್ಕಳು. ಗಾಳಿ ಎಲ್ಲಿ ಇಳಿಸುತ್ತೋ ಅಲ್ಲಿ ಬೆಳೀತಾವೆ. ಎಲ್ಲಿ, ನಿನ್ನ ಕೈ ತೋರಿಸು."

"ಅಂಟ್ಕೊಳ್ಳುತ್ತೆ."

"ಅಂಟ್ಕೊಳ್ಳಲಿ, ತೋರಿಸು."

ಅಂಟಿಕೊಂಡೇಬಿಟ್ಟಿತು. ಆ ತಿಂಗಳಿಡೀ ಮೇಷ್ಟ್ರು ಕೆರೆದುಕೊಳ್ಳುತ್ತ ಸಂಸ್ಥೆಯ ಮೀಟಿಂಗಿನಲ್ಲಿ ಕೂತರು; ಪಕ್ಕದವರು ಕುರ್ಚಿ ಸರಿಸಿಕೊಂಡರು. ಮುಂದಿನ ತಿಂಗಳು ಹುಡುಗಿ ಅವರ ಮನೆಯಲ್ಲಿದ್ದಳು.

ಸುದ್ದಿ ಕೇಳಿ ತಮ್ಮ ಬಂದ. ಕೂರಲಿಲ್ಲ. ಬಾಗಿಲಲ್ಲೇ ನಿಂತು ಹುಡುಗಿಯನ್ನು ಅಂಗಾಲಿಂದ ನೆತ್ತಿಯವರೆಗೆ ನೋಡಿದ. "ಯಾರ ಬೀಜವೋ ಏನೋ. ಸಾಕೋದಾದ್ರೆ ಸಾಕು, ನಾಯಿ ಸಾಕೋರಿಲ್ವಾ? ನಮ್ಮ ಮನೆತನಕ್ಕೆ ಮಾತ್ರ ಇದನ್ನ ತಗಲಿಸಬೇಡ." ಮೇಷ್ಟ್ರು ಬಾಗಿಲು ಹಾಕಿದರು. ತಮ್ಮ ಹೊರಗೆ ಉಳಿದ. ಅಣ್ಣನನ್ನು ತಾನೇ ಹೊರಗೆ ಹಾಕಿದೆ ಅಂದುಕೊಂಡ.

ಹುಡುಗಿ ಬೆಳೆಯುತ್ತ ಬೆಳೆಯುತ್ತ ಅವರ ಹಾಗೇ ಆದಳು. ಎಡಗೈ ಬೆನ್ನ ಹಿಂದೆ ಕಟ್ಟಿ ನಡೆಯುವುದು, ಕೇಳಿಸಿಕೊಳ್ಳುವಾಗ ಕತ್ತು ವಾಲಿಸುವುದು, ಸಿಟ್ಟು ಬಂದರೆ ಮೂಗಿನ ತುದಿ ಒರೆಸುವುದು. ಥೇಟ್ ಅಪ್ಪನೇ ಅನ್ನುತ್ತಿದ್ದರು ನೋಡಿದವರು. ಆಗ ಮೇಷ್ಟ್ರು ಬೀಗುತ್ತಿದ್ದರು: "ಹೋಲಿಕೆ ನೋಡಿ ಮನೆ ಸೇರಿಸೋದೇ ನನ್ನ ಕಸುಬು. ಇವಳನ್ನ ಬೇರೆ ಕಡೆ ಇಡೋಕಾಗುತ್ತಾ?"

* * *

ಸಂಸ್ಥೆಯ ನಿರ್ದೇಶಕರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಬೆಂಚಿನ ಹತ್ತಿರ ಬಂದರು. ಸ್ವಲ್ಪ ಹೊತ್ತಿನ ಹಿಂದೆ ಮುಂದಿನ ಹಜಾರದಲ್ಲಿ ಅವರೇ ಭಾಷಣ ಮಾಡಿದ್ದು. ಸಂಬಂಧ ಅಂದರೆ ನೋಟಕ್ಕೆ ಕಾಣುವ ಹೋಲಿಕೆಯಲ್ಲ, ವಂಶ. ಒಂದೇ ಮೂಲದಿಂದ ಕವಲೊಡೆದು ಬಂದದ್ದು ಮಾತ್ರ ಸಂಬಂಧ. ಗಿಡಗಳನ್ನು ಹಾಗೇ ವಿಂಗಡಿಸಬೇಕೆಂಬುದನ್ನು ಈ ಹಿರಿಯರು ಒಪ್ಪಿ ನಮಗೆಲ್ಲ ದಾರಿ ತೋರಿದರು, ಅಂತ. ಆ ವಂಶದ ಲೆಕ್ಕ ಹುಡುಕುವ ಕೆಲಸ ಮಾಡಿದ ಮಗಳು ಕೊನೆಯ ಸಾಲಿನಲ್ಲಿ ನಿಂತಿದ್ದಳು. ಮೊದಲ ಸಾಲಿನಲ್ಲಿ ತಮ್ಮ ತಲೆದೂಗುತ್ತಿದ್ದ. ಗಿಡದ ಮಾತು ಅವನಿಗೆ ಅರ್ಥವಾಗಿರಲಿಲ್ಲ, ವಂಶದ ಮಾತು ಆಗಿತ್ತು.

"ಜರೀಗಿಡದ ಕೋಣೆಗೆ ಅವರ ಹೆಸರಿಡ್ತಾ ಇದ್ದೀವಿ," ಎಂದರು ನಿರ್ದೇಶಕರು. "ಸಣ್ಣ ಸಮಾರಂಭ. ಕುಟುಂಬದೋರನ್ನ ಕರೀಬೇಕು. ಆ ಹುಡುಗನ ಕೈಲಿ ಪರದೆ ಎಳೆಸಿದ್ರೆ ಫೋಟೋಗೂ ಚೆನ್ನಾಗಿರುತ್ತೆ. ಅವರ ಫೋನ್ ನಂಬರು ನಿಮ್ಮ ಹತ್ರ ಏನಾದ್ರೂ..."

"ಇದೆ ಸಾರ್. ನಾನೇ ಕರೆಸಿದ್ದು."

"ಒಳ್ಳೇದು. ನೀವೂ ಬನ್ನಿ ಅವತ್ತು."

ಅವರು ಹೋದ ಮೇಲೆ ಅಂಟಕ್ಕ ಅವರ ಬೆನ್ನನ್ನೇ ನೋಡಿದಳು. "ನೀನೂ ಬರಬಹುದಂತೆ. ಕುರ್ಚಿ ಜೋಡಿಸೋಕೆ ಜನ ಬೇಕಲ್ಲ."

ಚಿಮಣಿಯ ಬಾಯಲ್ಲಿ ಗಾಳಿ ನಡುಗಿತು. ಹೊಗೆ ಕಾಣಲಿಲ್ಲ. ಈಗಿನ ಕುಲುಮೆಗಳಲ್ಲಿ ಹೊಗೆ ಕಾಣುವುದಿಲ್ಲ.

* * *

ಜರೀಗಿಡದ ಕೋಣೆಯಲ್ಲಿ ಕಬ್ಬಿಣದ ಬೀರುಗಳ ಸಾಲು. ಒಂದೊಂದು ಕುಟುಂಬಕ್ಕೆ ಒಂದೊಂದು ಬೀರು. ಕಟ್ಟಕಡೆಗೆ, ಕಕ್ಕಸಿನ ಗೋಡೆಗೆ ಒತ್ತಿಕೊಂಡು, ತುಕ್ಕು ಹಿಡಿದದ್ದೊಂದು. ಅದರ ಮೇಲೆ "ಜರೀಗಿಡದ ಬಂಧುಗಳು" ಅಂತ ಬರೆದಿತ್ತು. ಜರಿಯ ಹಾಗೆ ಹೂವಿಲ್ಲ, ಬೀಜವಿಲ್ಲ, ಆದರೆ ಜರಿಯಂಥ ಗರಿ ಎಲೆಯೂ ಇಲ್ಲ ಅನ್ನುವಂಥವನ್ನೆಲ್ಲ ಅದರಲ್ಲಿ ತುಂಬಿದ್ದರು: ಗೆಣ್ಣು ಗೆಣ್ಣಿನ ಹಸಿರು ಕಡ್ಡಿಯಂಥ ಕುದುರೆಬಾಲ, ಪಾಚಿಯ ಅಣ್ಣನ ಹಾಗೆ ನೆಲದಲ್ಲಿ ಹರಿಯುವ ಲೈಕೋಪೋಡಿಯಂ. "ಬಡ ನೆಂಟರಿಗೆ ಕೊಡೋ ಕೋಣೆ" ಅನ್ನುತ್ತಿದ್ದಳು ಅಂಟಕ್ಕ.

ಮಗಳು ಜೀನುಗಳ ಲ್ಯಾಬು ಸೇರಿದಳು. ಎಲೆಯ ಚೂರು ಅರೆದು, ಅದರೊಳಗೆ ತಲೆಮಾರುಗಳಿಂದ ನಕಲಾಗುತ್ತ ಬಂದ ಬರಹವನ್ನು ಓದಿ, ಯಾವುದು ಯಾವುದರಿಂದ ಯಾವಾಗ ಕವಲೊಡೆಯಿತು ಅನ್ನುವ ವಂಶವೃಕ್ಷ ಬರೆಯುವ ಕೆಲಸ. ಹೊರಗಿನ ವಿಜ್ಞಾನಿಗಳು ಮೊದಲೇ ಹೇಳಿದ್ದು ಇಲ್ಲಿನ ಗಿಡಗಳಲ್ಲೂ ಸಿಕ್ಕಿತು. ಕುದುರೆಬಾಲ ದೂರದ ಬಂಧುವಲ್ಲ, ಜರಿಗಳ ಮನೆಯವನೇ. ಲೈಕೋಪೋಡಿಯಂ ಮಾತ್ರ ಎಂದೋ ಬೇರೆಯಾಗಿ ಹೋದ ಕವಲು. ಜರೀಗಿಡಕ್ಕೆ ಅದಕ್ಕಿಂತ ಅಂಗಳದ ಗುಲಾಬಿಯೇ ಹತ್ತಿರ.

ಆ ರಾತ್ರಿ ಊಟದ ಮೇಜಿನ ಮೇಲೆ ಚಿತ್ರ ಹರವಿದಳು. ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದಳು.

"ಗುಲಾಬಿನಾ?" ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. "ಹೂ ಬಿಡೋದು ಹತ್ರ, ಹೂವಿಲ್ಲದ್ದು ದೂರ. ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತಾ?"

"ಕಣ್ಣಿನ ತಪ್ಪಲ್ಲ ಅಪ್ಪ. ಕಣ್ಣು ಹೋಲಿಕೆ ನೋಡುತ್ತೆ. ಕೆಲವು ಹಳೇ ಗುಣ ಬಿಡದೆ ಹಾಗೇ ಉಳಿದಿರ್ತಾವೆ. ಕೆಲವು ಒಂದೇ ನೆರಳಲ್ಲಿ ಬಾಳಿ ಬಾಳಿ ಒಂದರ ಹಾಗೆ ಒಂದು ಆಗಿರ್ತಾವೆ. ಅದು ನೆಂಟಸ್ತನ ಅಲ್ಲ. ಯಾರಿಂದ ಯಾರು ಹುಟ್ಟಿದ್ರು ಅನ್ನೋದೊಂದೇ ಲೆಕ್ಕ."

ಹುರುಪಿನಲ್ಲಿ ಹೇಳಿಬಿಟ್ಟಿದ್ದಳು. ತಾನು ಯಾರ ಮುಂದೆ, ಯಾವ ಮೇಜಿನ ಮೇಲೆ ಹೇಳುತ್ತಿದ್ದೇನೆ ಅನ್ನುವುದು ಹೊಳೆಯುವಷ್ಟರಲ್ಲಿ ಮೇಷ್ಟ್ರ ಬೆರಳು ಮೂಗಿನ ತುದಿಗೆ ಹೋಗಿತ್ತು.

"ಒಂದೇ ನೆರಳಲ್ಲಿ ಬಾಳಿದ್ದು ಲೆಕ್ಕಕ್ಕಿಲ್ಲ," ಎಂದರು. "ಸರಿ. ಹಾಗಾದ್ರೆ ಇದನ್ನೂ ಹೇಳಿಬಿಡು. ನೀನು ಈ ಮನೇಲಿ ಯಾವ ಬೀರು?"

ತಮ್ಮ ಅಂದಿದ್ದರೆ ಉಗಿದು ಬರುತ್ತಿದ್ದಳು. ಅಪ್ಪ ಅಂದದ್ದು. ಅವಳು ಚಿತ್ರ ಸುತ್ತಿಕೊಂಡು ಎದ್ದಳು.

ಮರುವಾರ ಮೇಷ್ಟ್ರು ಯಾರ ಸಹಾಯವನ್ನೂ ಕೇಳದೆ, ಕುದುರೆಬಾಲದ ಕಟ್ಟುಗಳನ್ನು ಎದೆಗವಚಿಕೊಂಡು ಜರಿಗಳ ಸಾಲಿಗೆ ಸಾಗಿಸಿದರು. ಒಂದೊಂದು ಹಾಳೆಗೂ ಹೊಸ ಚೀಟಿ ಬರೆದರು. ಆ ಕೋಣೆಯಲ್ಲಿ ಹಳೆಯ ಚೀಟಿ ಕೀಳುವ ಪದ್ಧತಿಯಿಲ್ಲ. ಹಿಂದಿನವರು ಅಂದುಕೊಂಡದ್ದು ತಪ್ಪಾದರೂ ಇದ್ದಲ್ಲೇ ಇರಬೇಕು; ತಿದ್ದಿದವರು ತಮ್ಮ ಚೀಟಿಯನ್ನು ಅದರ ಪಕ್ಕಕ್ಕೆ ಅಂಟಿಸಿ, ಕೆಳಗೆ ಹೆಸರು ಹಾಕಬೇಕು. ಮೇಷ್ಟ್ರು ತಮ್ಮದೇ ಹಳೆಯ ಚೀಟಿಗಳ ಪಕ್ಕದಲ್ಲಿ ತಮ್ಮದೇ ತಪ್ಪೊಪ್ಪಿಗೆಗಳನ್ನು ಅಂಟಿಸುತ್ತ ಹೋದರು. ಗಿಡಗಳಿಗೆಲ್ಲ ನ್ಯಾಯ ಸಿಕ್ಕಿತು.

ಊಟದ ಮೇಜಿನ ಮೇಲೆ ಬಿದ್ದ ಮಾತಿನ ಪಕ್ಕಕ್ಕೆ ಮಾತ್ರ ಯಾವ ಚೀಟಿಯೂ ಬರಲಿಲ್ಲ. ಬೆಳಿಗ್ಗೆ ಚಹಾ, ಸಂಜೆ ಮಾತ್ರೆ, ನಡುವೆ ಹವಾಮಾನದ ವಿಚಾರ. ಅವಳು ಕಾದಳು. ಅವರು ಮರೆತಿದ್ದರೋ, ಅಳುಕುತ್ತಿದ್ದರೋ, ಹೇಳಿದ್ದು ಸರಿಯೆಂದೇ ಇದ್ದರೋ, ಕೇಳಲು ಅವಳಿಗೂ ಬಾಯಿ ಬರಲಿಲ್ಲ. ಹಾಗೇ ಒಂದು ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ಒಯ್ದಳು, ಮೇಜಿನ ಮೇಲೆ ಚಹಾ ಆರಿತು.

* * *

ಕುಲುಮೆಯವನು ಮೊಣಕೈವರೆಗಿನ ಕೈಗವಸು ತೊಟ್ಟು ತಗಡಿನ ತಟ್ಟೆ ಹಿಡಿದು ಹೊರಬಂದ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟ. ತಟ್ಟೆಯಲ್ಲಿ ಬೂದಿ ತುಂಬಿ ಮುಚ್ಚಳ ಬಿಗಿದ ಮಣ್ಣಿನ ಗಡಿಗೆ. ಅದರ ಪಕ್ಕ ಮೊಳದುದ್ದದ ಕಪ್ಪು ಸರಳು, ತುದಿಗಳಲ್ಲಿ ಸ್ಕ್ರೂಗಳು.

"ಕಬ್ಬಿಣ ಕರಗಲ್ಲ ಸ್ವಾಮಿ. ತಗೊಂಡು ಹೋಗ್ತೀರಾ, ಇಲ್ಲೇ ಹಾಕಲಾ?"

"ಯಾವ ಕಬ್ಬಿಣ?" ತಮ್ಮ ಬಗ್ಗಿ ನೋಡಿದ.

"ತೊಡೆ ಮೂಳೆ ಒಳಗಿತ್ತು."

"ನಮ್ಮಣ್ಣನ ತೊಡೇಲಿ ಕಬ್ಬಿಣ ಯಾಕಿರುತ್ತೆ? ಒಂದೇ ಹಾಸಿಗೇಲಿ ಮಲಗಿ ಬೆಳೆದೋರು ನಾವು. ಅವನ ಮೈಮೇಲೆ ಎಲ್ಲೆಲ್ಲಿ ಮಚ್ಚೆ ಇದೆ ಅಂತ ಹೇಳ್ಲಾ?"

"ಮಚ್ಚೆ ಸುಟ್ಟೋಯ್ತು ಸ್ವಾಮಿ. ಇದು ಉಳೀತು."

"ನೀವು ಬೇರೆ ಯಾರದ್ದೋ ಬೆರೆಸಿದ್ದೀರಿ."

"ಬೆಳಿಗ್ಗೆಯಿಂದ ಇವರೊಬ್ಬರೇ. ಬೆರೆಸೋಕೆ ಇನ್ನೊಬ್ಬರು ಬೇಕಲ್ಲ."

"ನಿನ್ನೇದು ಗುಡಿಸದೆ ಬಿಟ್ಟಿರ್ತೀರಿ. ನಂಗೊತ್ತಿಲ್ವಾ ನಿಮ್ಮ ಕೆಲಸ?"

ತಮ್ಮನ ಹೆಂಡತಿ ಗಡಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. "ಇದನ್ನ ಒಯ್ದು ಮಾವನೋರ ಪಕ್ಕ ಹೂಳೋದಾ? ಯಾರದ್ದೋ, ಎಂಥವರದ್ದೋ. ನಾಳೆ ನಾವೂ ಅಲ್ಲೇ ಹೋಗಿ ಮಲಗ್ಬೇಕು ಕಣ್ರೀ."

"ಅಪ್ಪ," ಎಂದ ಮಗ ಮೆಲ್ಲಗೆ, "ದೊಡ್ಡಪ್ಪಂದೇ ಇರಬಹುದು. ಗೊತ್ತಿರೋರನ್ನ ಯಾರನ್ನಾದ್ರೂ ಕೇಳಿದ್ರೆ..." ಅವನ ಕಣ್ಣು ಕಲ್ಲುಬೆಂಚಿನ ಕಡೆ ಹೊರಳಿತು.

"ಯಾರನ್ನ ಕೇಳೋದು? ನಮ್ಮಣ್ಣನ ಮೈ ಎಂಥದ್ದು ಅಂತ ನಾನು ಹೊರಗಿನೋರನ್ನ ಕೇಳ್ಬೇಕಾ?"

ಅಂಟಕ್ಕ ಎದ್ದೇಬಿಟ್ಟಿದ್ದಳು. ಮಗಳು ಅವಳ ಮೊಣಕೈ ಹಿಡಿದು ಕೂರಿಸಿದಳು.

"ಸುಮ್ನಿರು ಅಕ್ಕ."

"ಏನೇ ಸುಮ್ನಿರೋದು? ಒಂದು ಮಾತು ಹೇಳಿದ್ರೆ ಅವರು ತಗೊಂಡು..." ಅಂಟಕ್ಕ ಅಲ್ಲಿಗೆ ನಿಲ್ಲಿಸಿದಳು. ಮಗಳ ಮುಖ ನೋಡಿದಳು. ಆಮೇಲೆ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಎದುರಿನ ಗೋಡೆಯಲ್ಲಿ ಏನೋ ಇದೆಯೆಂಬಂತೆ ಅದನ್ನೇ ನೋಡುತ್ತ ಕೂತಳು.

* * *

ಮಗಳಿಗೆ ಆಗ ಹದಿನೈದು. ನೀರು ಒಸರುವ ಬಂಡೆಯ ಮೇಲೆ ಸಂದಿಯಲ್ಲಿ ಬೆಳೆದ ಜರಿಯೊಂದಕ್ಕೆ ಕೈಚಾಚಿ ಮೇಷ್ಟ್ರು ಜಾರಿದರು. ಸುತ್ತ ಯಾರೂ ಇರಲಿಲ್ಲ. ಗಿಡ ಒತ್ತುವ ಜೋಡಿ ಹಲಗೆಗಳನ್ನು ಬಿಚ್ಚಿ, ಒಳಗಿದ್ದ ಸೊಪ್ಪನ್ನೆಲ್ಲ ಚೆಲ್ಲಿ, ಬಲಗಾಲನ್ನು ಆ ಹಲಗೆಗಳ ನಡುವೆ ಇಟ್ಟು ಪಟ್ಟಿ ಬಿಗಿದಳು. "ಸೊಪ್ಪು ಯಾಕೆ ಚೆಲ್ಲಿದೆ?" ಅಂತ ಬೈದರು, ಬೈಯುತ್ತಲೇ ಪ್ರಜ್ಞೆ ತಪ್ಪಿದರು.

ಆಸ್ಪತ್ರೆಯವರು ಮನೆಯವರನ್ನು ಕರೆಸು ಅಂದರು. ಅವಳು ಮೇಷ್ಟ್ರ ತಮ್ಮನ ಮನೆಗೆ ಫೋನ್ ಮಾಡಿದಳು. "ಆ ಮನೆ ಸುದ್ದಿ ನಮಗೆ ಬೇಡ" ಅಂತ ಹೆಂಗಸಿನ ದನಿ. ಏನಾಯಿತು ಅಂತ ಕೇಳುವ ಮೊದಲೇ ಫೋನ್ ಇಟ್ಟ ಸದ್ದು. ಸರಳು ಕೂರಿಸಿದ ಮೇಲೆ ಮಲಮೂತ್ರ ಎತ್ತಿದ್ದು, ಗೋಡೆ ಹಿಡಿಸಿ ನಡೆಸಿದ್ದು, ಚಳಿಗಾಲದಲ್ಲಿ ನೋವೆದ್ದಾಗ ಬಿಸಿನೀರಿನ ಚೀಲ ಒತ್ತಿದ್ದು ಎಲ್ಲ ಅವಳೇ. ಆಗ ಯಾವ ಬಾಗಿಲ ಮೇಲೂ ಬೋರ್ಡಿರಲಿಲ್ಲ.

* * *

"ಸಂಶಯದ ಬೂದಿ ನಮಗೆ ಬೇಡ," ಎಂದು ತಮ್ಮ ತೀರ್ಮಾನ ಕೊಟ್ಟ. "ಹಿರಿಯರ ಸಾಲಲ್ಲಿ ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸ್ತೀನಿ. ಅಷ್ಟು ಸಾಕು."

"ಕಲ್ಲಿನ ಕೆಳಗೆ?" ಎಂದ ಕುಲುಮೆಯವನು.

"ಅದು ನಿನಗ್ಯಾಕೆ?"

ಕಾರಿನ ಬಾಗಿಲುಗಳು ಒಂದಾದ ಮೇಲೊಂದು ಬಡಿದವು. ಹಿಂದಿನ ಕಿಟಕಿಯಿಂದ ಹುಡುಗ ಒಮ್ಮೆ ತಿರುಗಿ ನೋಡಿದ. ಮಗಳು ಅವನನ್ನು ನೋಡಲಿಲ್ಲ. ಗೆದ್ದೆ ಅನ್ನಿಸಲಿಲ್ಲ ಅವಳಿಗೆ. ಅಪ್ಪನನ್ನು ಅಪ್ಪನಲ್ಲ ಅಂತ ಹೇಳುವುದನ್ನು ಕೇಳುತ್ತ ಬಾಯಿ ಮುಚ್ಚಿ ಕೂತಿದ್ದಳು. ಅಪ್ಪ ಮನೆಗೆ ಬರಲು ಬೇರೆ ದಾರಿ ಇವರು ಉಳಿಸಿರಲಿಲ್ಲ.

ಎದ್ದು ಕಟ್ಟೆಯ ಹತ್ತಿರ ಹೋದಳು.

"ನೀವು ಏನಾಗ್ಬೇಕು ಇವರಿಗೆ?" ಕುಲುಮೆಯವನು ಸುಮ್ಮನೆ ಕೇಳಿದ. ತಡೆಯುವ ದನಿಯಲ್ಲ, ಬೀಡಿ ಹಚ್ಚುವ ಮೊದಲಿನ ಕುತೂಹಲ.

ಬಾಯಿ ತೆರೆದಳು. ಮಗಳು ಅನ್ನುವ ಪದ ಬೆಳಿಗ್ಗೆ ಸಲೀಸಾಗಿ ಬಂದಿತ್ತು. ಈಗ ಅವಳೂ ಅಪ್ಪನ ಗಡಿಗೆಯೂ ಎದುರೆದುರು ಇರುವಾಗ ಬರಲಿಲ್ಲ.

"ಬಲಗಾಲಿಂದು ಅದು," ಎಂದಳು.

ಅವನು ಅವಳನ್ನೂ ಸರಳನ್ನೂ ನೋಡಿದ. "ಆಗಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಅವನು ಗಡಿಗೆಯನ್ನು ಅವಳ ಕಡೆ ಸರಿಸಿದ. "ಇರಿ, ಇದನ್ನ ಚೊಕ್ಕ ಮಾಡಿಕೊಡ್ತೀನಿ," ಎಂದು ಸರಳನ್ನು ಎತ್ತಿ ಕಟ್ಟೆಯ ಅಂಚಿಗೆ ಕುಟ್ಟಿದ. ಬೂದಿ ಉದುರಿತು. ತುದಿಯ ಸ್ಕ್ರೂವಿನ ಸುತ್ತ ಉಗುರಿನಷ್ಟು ಬಿಳಿ ಮೂಳೆ ಕಚ್ಚಿಕೊಂಡಿತ್ತು. ಅವನು ಇನ್ನೂ ಜೋರಾಗಿ ಕುಟ್ಟಿದ. ಕಬ್ಬಿಣ ಠಣ್ಣೆಂದಿತು. ಮೂಳೆ ಬಿಡಲಿಲ್ಲ.